ಉರ್ಫಾದ ಬಾಗಿಲು

ಎಜ್ರಾನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಎದುರುಮನೆಯ ಮತಿಲ್ದಾ ಜೇನಿನ ಕೇಕು ಹಿಡಿದು ಬಂದು, ಹೊಸ್ತಿಲ ಮೇಲೆ ನಿಂತು, ಅಭ್ಯಾಸಬಲದಿಂದ "ಹಬ್ಬದ ಶುಭಾಶಯ ಕಣೆ!" ಎಂದಳು. ಎಂದ ಕೂಡಲೇ ಬಾಯಿ ಮುಚ್ಚಿಕೊಳ್ಳಲು ಹೋದಳು. ಮುಚ್ಚಿಕೊಳ್ಳಬೇಕಾದ ಕೈಯಲ್ಲಿ ಕೇಕು ಇತ್ತು.

"ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ! ಏನನ್ನಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ ರುಹಾಮಾ."

"ಎಷ್ಟು ದಾರಿ ಅತ್ತೆ, ಹದಿನೈದು ಹೆಜ್ಜೆ," ಎಂದಳು ಎಜ್ರಾನ ಹೆಂಡತಿ ರುಹಾಮಾ. "ಒಳಗೆ ಬನ್ನಿ. ಗಲ್ಲಕ್ಕೆ ಜೇನು ಹತ್ತಿದೆ."

ಮತಿಲ್ದಾಳ ತಪ್ಪೇನೂ ಇರಲಿಲ್ಲ. ಅವತ್ತು ಹಬ್ಬವೇ. ಯೆಹೂದ್ಯರ ಚಪ್ಪರದ ಹಬ್ಬದ ಎಂಟು ದಿನಗಳಲ್ಲಿ ಅದು ನಾಲ್ಕನೆಯದು. ಜೆರುಸಲೇಮಿನ ಪ್ರತಿ ಅಂಗಳ, ಪ್ರತಿ ಮೊಗಸಾಲೆ, ಪ್ರತಿ ತಾರಸಿಯ ಮೇಲೆ ಒಂದೊಂದು ಚಪ್ಪರ ಎದ್ದಿತ್ತು. ಕಲ್ಲಿನ ಗಟ್ಟಿ ಮನೆಯನ್ನು ಬಿಟ್ಟು, ನಕ್ಷತ್ರ ಕಾಣುವಷ್ಟು ತೆಳುವಾಗಿ ಗರಿ ಹೊದಿಸಿದ ಚಪ್ಪರದಲ್ಲಿ ಕೂತು ಉಣ್ಣಬೇಕು. ಈಜಿಪ್ಟಿನ ಜೀತ ಬಿಟ್ಟು ಬಂದ ಮೇಲೆ ಮರುಭೂಮಿಯಲ್ಲಿ ನಲವತ್ತು ವರ್ಷ ಹೀಗೆಯೇ ಇದ್ದೆವು, ಯಾವ ಗೋಡೆಯನ್ನೂ ನಂಬಬೇಡ ಎಂದು ನೆನಪು ಮಾಡಿಕೊಳ್ಳುವುದಕ್ಕೆ. ಅದರ ಜೊತೆಗೆ ಸಂತೋಷವಾಗಿಯೂ ಇರಬೇಕು. ಈ ಹಬ್ಬದಲ್ಲಿ ಸಂತೋಷ ಅವರವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಆಜ್ಞೆ.

ಎಜ್ರಾ ಆಜ್ಞೆಯನ್ನು ಎರಡು ದಿನ ಪಾಲಿಸಿ, ಮೂರನೆಯ ದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ದಾಳಿಂಬೆ ಆರಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಮೂವತ್ತಾರು ವರ್ಷ. ಸಂಜೆಯೊಳಗೆ ಗುಡ್ಡದ ಸ್ಮಶಾನದಲ್ಲಿ ಮಣ್ಣಾಯಿತು. ಜೆರುಸಲೇಮಿನಲ್ಲಿ ಹೆಣವನ್ನು ಕಾಯಿಸುವುದಿಲ್ಲ. ಸೂತಕವನ್ನು ಕಾಯಿಸುತ್ತಾರೆ.

ಇದನ್ನು ಸ್ಮಶಾನದ ಗೇಟಿನ ಹತ್ತಿರವೇ ವಿವರಿಸಿದವನು ಹಿಜ್ಕಿಯಾ. ಓಣಿಯ ಪ್ರಾರ್ಥನಾಮಂದಿರದ ಯಜಮಾನಿಕೆ ಅವನದು. ಮಂದಿರದ ಬೀಗದ ಕೈಯನ್ನೂ ಧರ್ಮಶಾಸ್ತ್ರವನ್ನೂ ಒಂದೇ ಗೊಂಚಲಲ್ಲಿ ಇಟ್ಟುಕೊಂಡವನು.

"ನೋಡಮ್ಮ, ಹಬ್ಬದ ನಡುವೆ ಮಣ್ಣಾದರೆ ಏಳು ದಿನದ ಸೂತಕ ಶುರುವಾಗೋದು ಹಬ್ಬ ಮುಗಿದ ಮೇಲೆ. ಅಲ್ಲಿವರೆಗೆ ನೆಲದ ಮೇಲೆ ಕೂರೋ ಹಾಗಿಲ್ಲ, ನಾಲ್ಕು ಜನರ ಎದುರು ಅಳೋ ಹಾಗಿಲ್ಲ."

"ಹಾಗಾದರೆ ಈಗ ನಾನೇನು ಯಜಮಾನರೇ?"

ಹಿಜ್ಕಿಯಾ ಗಡ್ಡ ನೀವಿಕೊಂಡು ಆಳವಾಗಿ ಯೋಚಿಸಿದ. "ನೀವು ಈಗ ಹಬ್ಬದಲ್ಲಿದ್ದೀರಿ," ಎಂದ.

ಈ ತೀರ್ಪನ್ನು ಜಾರಿಗೆ ತರುವ ಹೊಣೆಯನ್ನು ಎಜ್ರಾನ ಅಕ್ಕ ಫೊರ್ತುನಾ ಹೊತ್ತುಕೊಂಡಳು. ತಿಬೇರಿಯಾದಿಂದ ಗಂಡ, ನಾಲ್ಕು ಹೆಣ್ಣುಮಕ್ಕಳು, ಆರು ಚೀಲಗಳೊಂದಿಗೆ ಬಂದಿಳಿದಿದ್ದಳು. ಎರಡು ಕೋಣೆಯ ಮನೆಯಲ್ಲಿ ಈಗ ಕಾಲಿಟ್ಟಲ್ಲೆಲ್ಲ ಹಾಸಿಗೆ. ರುಹಾಮಾ ಸೊಪ್ಪು ತೊಳೆಯಲು ತಲೆ ಬಗ್ಗಿಸಿದರೂ ಹಿಂದಿನಿಂದ ಫೊರ್ತುನಾಳ ದನಿ:

"ಅಳ್ತಿದ್ದೀಯಾ?"

"ಇಲ್ಲ ಅತ್ತಿಗೆ. ಸೊಪ್ಪು ತೊಳೀತಿದ್ದೀನಿ."

"ಅಳಬೇಡ. ಹಬ್ಬ. ಆಮೇಲೆ ಏಳು ದಿನ ಪೂರ್ತಿ ಅಳಬಹುದು, ಎಲ್ಲರೂ ಸೇರಿಯೇ ಅಳೋಣ."

ಬಂದ ದಿನವೇ ಅವಳು ಕಕ್ಕಸಿನ ಒಳಗಿನ ಚಿಲಕವನ್ನು ಸ್ಕ್ರೂ ಬಿಚ್ಚಿ ತೆಗೆಸಿ, ತನ್ನ ಪರ್ಸಿನಲ್ಲಿ ಹಾಕಿಕೊಂಡಳು. "ಇಂಥ ಹೊತ್ತಲ್ಲಿ ಒಬ್ಬಳೇ ಬಾಗಿಲು ಹಾಕ್ಕೊಂಡು ಕೂರಬಾರದು. ಜೀವಕ್ಕೇನಾದರೂ ಮಾಡ್ಕೊಂಡರೆ? ನನ್ನ ಕಣ್ಣೆದುರಿಗೇ ಇರು." ಮಲಗುವ ಕೋಣೆಯಲ್ಲಿ ಫೊರ್ತುನಾಳ ಹೆಣ್ಣುಮಕ್ಕಳು ಮಲಗುತ್ತಿದ್ದರು. ಇನ್ನು ಹಬ್ಬ ಮುಗಿದು ಸೂತಕ ಶುರುವಾದ ಮೇಲೆ ಏಳು ದಿನವೂ ಬೀದಿಬಾಗಿಲು ತೆರೆದೇ ಇರಬೇಕು. ಸಮಾಧಾನ ಹೇಳಲು ಬರುವವರು ತಟ್ಟದೆ ಒಳಬರಬೇಕು, ಅದು ಪದ್ಧತಿ. ಒಟ್ಟಿನಲ್ಲಿ ರುಹಾಮಾಳ ಪಾಲಿಗೆ ಮುಚ್ಚುವಂಥ ಬಾಗಿಲು ಎನ್ನುವುದೇ ಉಳಿದಿರಲಿಲ್ಲ.

ಆದರೆ ಕಥೆಯ ಬಾಗಿಲು ಇವು ಯಾವುದೂ ಅಲ್ಲ.

ಹಬ್ಬದ ಹಿಂದಿನ ದಿನ ಎಜ್ರಾ ಅಂಗಳದಲ್ಲಿ ಚಪ್ಪರ ಕಟ್ಟಿದ್ದ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಕಾಂಪೌಂಡು, ಮೂರನೆಯದಕ್ಕೆ ಹಾಸಿಗೆಯ ದುಪ್ಪಟಿ. ಹಿಜ್ಕಿಯಾ ಬಂದು ದುಪ್ಪಟಿಯನ್ನು ಉಫ್ ಎಂದು ಊದಿದ. ಅದು ಅಲ್ಲಾಡಿತು. "ಗಾಳಿಗೆ ಅಲ್ಲಾಡೋ ಗೋಡೆ ಗೋಡೆಯಲ್ಲ. ಅರ್ಧ ಗಂಟೆ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಗಟ್ಟಿಯಾಗಿ ಏನಾದರೂ ನಿಲ್ಲಿಸು," ಎಂದು ಹೋದ.

ಎಜ್ರಾನಿಗೆ ಒಂದು ಗುಣವಿತ್ತು. ಏನು ಬೇಕಾದರೂ ಅವನು ಮೊದಲು ನೋಡುತ್ತಿದ್ದುದು ನೆರೆಯವರ ಮನೆಯನ್ನು. ಓಣಿಯ ಏಣಿ, ಇಸ್ತ್ರಿಪೆಟ್ಟಿಗೆ, ಡ್ರಿಲ್ಲು, ಕೊನೆಗೆ ಯಾರದೋ ತಾತನ ಕನ್ನಡಕ ಸಹ ಅವನ ಮನೆಯಲ್ಲಿ ಸಿಗುತ್ತಿದ್ದವು. ಹಿಂದಿರುಗಿಸುವುದರಲ್ಲಿ ಮಾತ್ರ ಅವನು ಆತುರಗಾರನಲ್ಲ. ಅವತ್ತು ಓಡಿದ್ದು ಮತಿಲ್ದಾಳ ಗಂಡ ಶಬ್ತಾಯ್ ಹತ್ತಿರ.

ಶಬ್ತಾಯ್ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಯಾರಿಗೂ ಇಲ್ಲ ಎಂದವನಲ್ಲ. ಇಲ್ಲ ಎನ್ನಬೇಕೆಂದು ಹೊಳೆಯುವಷ್ಟರಲ್ಲಿ ವಸ್ತು ಕೈಬಿಟ್ಟಿರುತ್ತಿತ್ತು. ಮನೆಯೆಲ್ಲ ನೋಡಿ, ಕೀಲಿನಿಂದ ಸುಲಭವಾಗಿ ಮೇಲೆತ್ತಲು ಬರುವುದು ಒಂದೇ ಎಂದು ಕಂಡು, ಕಕ್ಕಸಿನ ಬಾಗಿಲನ್ನೇ ಎತ್ತಿಕೊಟ್ಟ.

"ಹಬ್ಬ ಮುಗಿದ ಮರುದಿನ ಬೆಳಿಗ್ಗೆ, ನಿಮ್ಮ ಕಾಫಿಗೆ ಮುಂಚೆ ತಂದು ಹಾಕ್ತೀನಿ ಮಾಮ. ಈ ಸಲ ಖಂಡಿತ," ಎಂದ ಎಜ್ರಾ. ಇಂಥ ದಿನ ಎಂದು ಹೇಳಿ ಅವನು ಕಡ ತಂದದ್ದು ಜೀವಮಾನದಲ್ಲಿ ಅದೊಂದೇ.

ಬಾಗಿಲು ಚಪ್ಪರಕ್ಕೆ ಸರಿಯಾಗಿ ಕೂತಿತು. ಹಿಜ್ಕಿಯಾ ಬಂದ, ಕುಟ್ಟಿ ನೋಡಿದ, ಮೆಚ್ಚಿದ. ಅಷ್ಟಕ್ಕೆ ಸುಮ್ಮನಾಗದೆ, "ಹಳೇ ಕಾಲದ ಬಾಗಿಲಿದ್ದ ಹಾಗಿದೆ. ಎಲ್ಲಿಯದು?" ಎಂದು ಕೇಳಿದ.

ಶಬ್ತಾಯ್ ಅಲ್ಲೇ ನಿಂತಿದ್ದ. ಕಿವಿ ಕೆಂಪಾಯಿತು. ನಾಳೆ ಅದೇ ಬಾಗಿಲಿನ ಪಕ್ಕದಲ್ಲಿ ಇಡೀ ಓಣಿ ದ್ರಾಕ್ಷಾರಸ ಹಿಡಿದು ಮಂತ್ರ ಹೇಳಲಿದೆ. ಸತ್ಯ ಹೇಳಲು ಬಾಯಿ ತೆರೆದ. ಹೊರಬಂದದ್ದು ಬೇರೆ.

"ಅದು... ನಮ್ಮ ಅಜ್ಜನದು. ಉರ್ಫಾದಲ್ಲಿ ನಮ್ಮ ಅಜ್ಜನ ಪ್ರಾರ್ಥನಾಮಂದಿರ ಇತ್ತಲ್ಲ, ಅಲ್ಲಿಯದು."

"ನೂರಿಪ್ಪತ್ತು ವರ್ಷದ್ದು," ಎಂದ ಎಜ್ರಾ, ಮುಖದ ಒಂದು ನರವೂ ಕದಲದಂತೆ. "ಕತ್ತೆಯ ಮೇಲೆ ತಂದರಂತೆ."

ಅಡುಗೆಮನೆಯಲ್ಲಿದ್ದ ರುಹಾಮಾ ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅವಳು ನಕ್ಕದ್ದು ಅದೇ ಕೊನೆ.

ಹಬ್ಬ ಶುರುವಾದ ಮೇಲೆ ಚಪ್ಪರದ ಮರ, ಗರಿ, ಗೋಡೆ ಯಾವುದನ್ನೂ ಹಬ್ಬ ಮುಗಿಯುವವರೆಗೆ ಕೀಳುವಂತಿಲ್ಲ. ಅರವತ್ತೈದು ವರ್ಷ ಈ ಹಬ್ಬ ಮಾಡಿದ್ದರೂ ಬಾಗಿಲು ಕೊಡುವಾಗ ಶಬ್ತಾಯ್‌ಗೆ ಇದು ನೆನಪಾಗಲಿಲ್ಲ. ಮತಿಲ್ದಾ ನೆನಪು ಮಾಡಿಕೊಟ್ಟಳು, ಎಂಟು ದಿನವೂ, ದಿನಕ್ಕೆ ಮೂರು ಹೊತ್ತು. ಕಕ್ಕಸಿಗೆ ಹೂವಿನ ಚಿತ್ರದ ದುಪ್ಪಟಿ ತೂಗುಬಿಟ್ಟರು. ಒಳಗೆ ಜನವಿದ್ದಾರೆಂದು ತಿಳಿಯಬೇಕಲ್ಲ, ಅದಕ್ಕೆ ಶಬ್ತಾಯ್ ಕೂತಷ್ಟು ಹೊತ್ತೂ ತನ್ನ ಹಳೆಯ ಬಸ್ಸಿನ ನಿಲ್ದಾಣಗಳನ್ನು ಗಟ್ಟಿಯಾಗಿ ಕೂಗುತ್ತಿದ್ದ. "ಮಾರುಕಟ್ಟೇ! ಬೇಕರಿ ಮೂಲೇ! ಹಳೇ ರೈಲು ನಿಲ್ದಾಣಾ!" ಅವನು ಕೊನೆಯ ನಿಲ್ದಾಣ "ಸ್ಮಶಾನದ ಗುಡ್ಡಾ!" ಎಂದು ಕೂಗಿದರೆ, ಇನ್ನೇನು ಹೊರಗೆ ಬರುತ್ತಾನೆಂದು ಅಂಗಳಕ್ಕೆಲ್ಲ ಗೊತ್ತಾಗುತ್ತಿತ್ತು. ದುಪ್ಪಟಿ ಏಕೆ ಎಂದು ಕೇಳಿದವರಿಗೆ, ಬಾಗಿಲಿಗೆ ಬಣ್ಣ ಹೊಡೆಸಲು ಕೊಟ್ಟಿದೆ ಎಂಬ ಉತ್ತರ ಸಿದ್ಧವಿತ್ತು.

ಎಜ್ರಾ ಹೋದ ಮೇಲೆ ಬಾಗಿಲಿನ ಕಥೆಗೆ ಕಾಲು ಬಂತು. ಹಬ್ಬದಲ್ಲಿ ಸತ್ತವನ ವಿಷಯ ಎತ್ತಿ ಗೋಳಾಡುವ ಹಾಗಿಲ್ಲ, ಬಂದವರು ಸುಮ್ಮನೆ ಕೂರುವುದೂ ಕಷ್ಟ. ಚಪ್ಪರದಲ್ಲಿ ಕೂತು, ರುಹಾಮಾಳ ಮುಖ ನೋಡಲಾರದೆ, ಎಲ್ಲರೂ ಬಾಗಿಲನ್ನು ನೋಡಿದರು. ನೋಡಿದ ಮೇಲೆ ಏನಾದರೂ ಹೇಳಬೇಕಾಯಿತು.

"ಕೆಳಗೆ ಮೂರು ತೂತು ಇವೆಯಲ್ಲ, ಯಾಕೆ ಗೊತ್ತಾ?" ಎಂದ ಹಿಜ್ಕಿಯಾ. "ಅಬ್ರಹಾಂ, ಇಸಾಕ್, ಯಾಕೋಬ್. ನಮ್ಮ ಕುಲದ ಮೂವರು ಪಿತೃಗಳು."

ಶಬ್ತಾಯ್‌ಗೆ ಬಿಕ್ಕಳಿಕೆ ಬಂತು. ವಾಸನೆ ಹೋಗಲೆಂದು ಆ ತೂತುಗಳನ್ನು ಸ್ವತಃ ಅವನೇ ಕೊರೆದಿದ್ದ.

"ಈ ಕೊಕ್ಕೆಗೆ ನಂದಾದೀಪ ತೂಗು ಹಾಕ್ತಿದ್ದರು ಅನ್ಸುತ್ತೆ," ಎಂದಳು ಫೊರ್ತುನಾ.

"ಟವೆ—" ಎಂದು ಶುರುಮಾಡಿದ ಶಬ್ತಾಯ್. ಮತಿಲ್ದಾ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಐದನೆಯ ದಿನದ ಹೊತ್ತಿಗೆ ಬಂದವರೆಲ್ಲ ಬಾಗಿಲನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಳ್ಳುತ್ತಿದ್ದರು. ಹಿಜ್ಕಿಯಾ ಒಂದು ಹೆಜ್ಜೆ ಮುಂದೆ ಹೋಗಿ ನೇರ ಬಾಗಿಲಿಗೇ ತುಟಿಯೊತ್ತಿದ. ಆಮೇಲೆ ರುಹಾಮಾಳ ಕಡೆ ತಿರುಗಿ, "ನೀವು ವಿಶ್ವವಿದ್ಯಾಲಯದಲ್ಲಿ ನಕ್ಷೆಗಳ ಕೆಲಸ ಮಾಡೋರು. ಉರ್ಫಾ ಅಂತ ಊರು ನಿಜವಾಗಿ ಇದೆಯೋ?" ಎಂದು ಕೇಳಿದ.

"ಇದೆ ಯಜಮಾನರೇ. ತುರ್ಕಿಯ ದಕ್ಷಿಣದಲ್ಲಿ."

"ಕೇಳಿದಿರಾ?" ಹಿಜ್ಕಿಯಾ ಎಲ್ಲರನ್ನೂ ನೋಡಿದ. "ಓದಿದವರೇ ಹೇಳ್ತಿದ್ದಾರೆ!"

ಬಾಗಿಲಿನ ಪೂರ್ವಾಪರ ಹೀಗೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಸಾಬೀತಾಯಿತು. ಆರನೆಯ ದಿನ ತೀರ್ಮಾನವೂ ಆಯಿತು. ಇಂಥ ಪವಿತ್ರ ವಸ್ತು ಅಂಗಳದಲ್ಲಿ ಬಿದ್ದಿರಬಾರದು, ಹಬ್ಬ ಮುಗಿದ ಮರುದಿನ ಬೆಳಗಿನ ಪ್ರಾರ್ಥನೆ ಆದ ಮೇಲೆ ಮೆರವಣಿಗೆಯಲ್ಲಿ ಒಯ್ದು ಮಂದಿರದ ಗೋಡೆಗೆ ನಿಲ್ಲಿಸುವುದು. ಮೇಲೆ ಹಿತ್ತಾಳೆಯ ಫಲಕ: 'ಈ ಬಾಗಿಲಿನ ನೆರಳಲ್ಲಿ ತನ್ನ ಕೊನೆಯ ಹಬ್ಬ ಮಾಡಿದ ಎಜ್ರಾನ ನೆನಪಿಗೆ'.

ಫೊರ್ತುನಾ ಹಿಗ್ಗಿ ಹೋದಳು. "ನನ್ನ ತಮ್ಮನ ಹೆಸರು ಶಾಶ್ವತವಾಗಿ ಉಳೀತು. ನೋಡು ರುಹಾಮಾ, ಎಷ್ಟು ಪುಣ್ಯ!"

"ಆ ಬಾಗಿಲು ವಾಪಸ್ ಕೊಡ್ತೀನಿ ಅಂತ ಅವರು ಮಾತು ಕೊಟ್ಟಿದ್ದಾರೆ ಅತ್ತಿಗೆ."

"ಎಜ್ರಾ? ವಾಪಸ್ಸಾ?" ಫೊರ್ತುನಾ ನಕ್ಕಳು. "ನನ್ನ ಮದುವೆಗೆ ತಗೊಂಡ ಕೊಡೆಯನ್ನೇ ಇನ್ನೂ ಕೊಟ್ಟಿಲ್ಲ ಅವನು!"

ಅವಳ ನಗು ನಡುವಿನಲ್ಲೇ ಮುರಿಯಿತು. ಆದರೆ ಹಬ್ಬವಾದ್ದರಿಂದ ಕೆಮ್ಮಿ ಸರಿಮಾಡಿಕೊಂಡಳು.

ಏಳನೆಯ ದಿನ ಶಬ್ತಾಯ್ ಕಳ್ಳನ ಹಾಗೆ ರುಹಾಮಾಳ ಅಡುಗೆಮನೆಯ ಕಿಟಕಿಗೆ ಬಂದ.

"ಮಗಳೇ, ನನಗೆ ನಿದ್ದೆಯಿಲ್ಲ. ನಾಳಿದ್ದು ಅದನ್ನ ದೇವರ ಗೋಡೆಗೆ ನಿಲ್ಲಿಸ್ತಾರಂತೆ. ಎಜ್ರಾನ ಹೆಸರು ಬೇರೆ ಬರೆಸ್ತಾರೆ. ನಾನೇ ಹೋಗಿ ಎಲ್ಲಾ ಹೇಳಿಬಿಡ್ಲಾ?"

"ಹೇಳಿಬಿಡಿ ಮಾಮ."

"ಖಂಡಿತ ಹೇಳ್ತೀನಿ. ಈಗಲೇ. ಎದೆ ಗಟ್ಟಿ ಮಾಡ್ಕೊಂಡೇ ಬಂದಿದೀನಿ."

ಹೋದ. ಕಾಲು ಗಂಟೆಯಲ್ಲಿ ಹಿಂದಿರುಗಿದ. ಬಸ್ಸು ಹಳ್ಳಕ್ಕೆ ಇಳಿಸಿ ಬಂದವನ ಮುಖ.

"ಹೇಳಿದಿರಾ?"

"ಹೇಳೋಕೇ ಹೋದೆ ಮಗಳೇ. 'ಯಜಮಾನರೇ, ಆ ಬಾಗಿಲಿನ ವಿಷಯ ಒಂದು ಮಾತು ಹೇಳಬೇಕು' ಅಂದೆ. ಅವರು ಎದ್ದು ನನ್ನನ್ನ ತಬ್ಬಿಕೊಂಡು, 'ಒಂದು ಮಾತು ಸಾಲದು ಶಬ್ತಾಯ್, ಹತ್ತು ನಿಮಿಷ ಮಾತಾಡು' ಅಂದುಬಿಟ್ಟರು. ಈಗ ಮೆರವಣಿಗೆಗೆ ಮುಂಚೆ ನಮ್ಮ ಅಜ್ಜನ ಬಗ್ಗೆ ನಾನು ಭಾಷಣ ಮಾಡಬೇಕು."

"ನಿಮ್ಮ ಅಜ್ಜ ಏನು ಮಾಡ್ತಿದ್ದರು ಮಾಮ?"

"ಈರುಳ್ಳಿ ಮಾರ್ತಿದ್ದರು," ಎಂದ ಶಬ್ತಾಯ್. "ಉರ್ಫಾ ಹೆಸರೇ ಕೇಳಿರಲಿಲ್ಲ ಅವರು."

"ನಾಳಿದ್ದು ಕಾಫಿ ಎಷ್ಟು ಹೊತ್ತಿಗೆ ಕುಡೀತೀರಿ ಮಾಮ?" ಎಂದಳು ರುಹಾಮಾ.

"ಏಳೂವರೆಗೆ. ಯಾಕೆ?"

"ಸುಮ್ಮನೆ ಕೇಳಿದೆ."

ಎಂಟನೆಯ ದಿನ ಮಂದಿರದಲ್ಲಿ ಧರ್ಮಗ್ರಂಥ ಹೊತ್ತು ಕುಣಿಯುವ ಕುಣಿತವೂ ಮುಗಿಯಿತು. ಕತ್ತಲಾಗುತ್ತಲೇ ಸೂತಕಕ್ಕೆ ಕೂರುವ ಮಣೆಗಳು ಬಂದವು, ಕನ್ನಡಿಗೆ ಬಟ್ಟೆ ಬಿತ್ತು, ಫೊರ್ತುನಾ ಬೀದಿಬಾಗಿಲನ್ನು ಹಾರೊಡೆದು ಅದಕ್ಕೆ ಕಲ್ಲು ಕೊಟ್ಟಳು. "ಇನ್ನು ಅಳಬಹುದು," ಎಂದು ಅಪ್ಪಣೆ ಕೊಟ್ಟು ಹತ್ತಿರ ಕೂತು ಕಾದಳು. ನೆರೆಯ ಹೆಂಗಸರು ಆರು ಮಂದಿ ಎದುರಿಗೆ ಸಾಲಾಗಿ ಕೂತು ಕಾದರು. ರುಹಾಮಾಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. "ಓದಿದ ಹುಡುಗೀರೇ ಹೀಗೆ, ಒಣಗಿಹೋಗಿರ್ತಾರೆ," ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಸಾವಿನ ಮನೆಯ ಪ್ರಾರ್ಥನೆಗೆ ಓಣಿಯ ಗಂಡಸರು ಬಂದರು. ಒಳಗೆ ಜಾಗ ಸಾಲದೆ ಅಂಗಳದಲ್ಲಿ ಸಾಲಾಗಿ, ಪೂರ್ವಕ್ಕೆ ಮುಖ ಮಾಡಿ ನಿಂತರು. ಪೂರ್ವದಲ್ಲಿ ಚಪ್ಪರ, ಚಪ್ಪರದಲ್ಲಿ ಬಾಗಿಲು. ಹಿಜ್ಕಿಯಾನ ಕಂಕುಳಲ್ಲಿ ಬಟ್ಟೆ ಸುತ್ತಿದ ಹಿತ್ತಾಳೆ ಫಲಕ. ಭಾಷಣಕಾರ ಶಬ್ತಾಯ್ ಮಾತ್ರ ಇನ್ನೂ ಬಂದಿರಲಿಲ್ಲ.

ಈ ಜನರ ಪ್ರಾರ್ಥನೆಯಲ್ಲಿ ಒಂದು ಘಟ್ಟವಿದೆ. ಎಲ್ಲರೂ ಪಾದಕ್ಕೆ ಪಾದ ಜೋಡಿಸಿ, ತುಟಿಯಲ್ಲೇ ಪಿಸುಗುಟ್ಟುತ್ತ ನಿಲ್ಲಬೇಕು. ಅದು ಮುಗಿಯುವವರೆಗೆ ಮಾತಾಡುವ ಹಾಗಿಲ್ಲ, ಹೆಜ್ಜೆ ಕದಲಿಸುವ ಹಾಗಿಲ್ಲ, ಎದುರಿಗೆ ರಾಜನೇ ಬಂದರೂ. ರಾಜ ಬಂದರೆ ಏನೆಂದು ಶಾಸ್ತ್ರದಲ್ಲಿ ಬರೆದಿದೆ. ವಿಧವೆಯೊಬ್ಬಳು ತರಕಾರಿ ಚಾಕು ಹಿಡಿದು ಬಂದರೆ ಏನೆಂದು ಬರೆದಿಲ್ಲ.

ಗಂಡಸರು ಪಾದ ಜೋಡಿಸಿದರು. ರುಹಾಮಾ ಮಣೆಯಿಂದ ಎದ್ದಳು. ಸೂತಕಕ್ಕೆಂದು ಹರಿದ ಅಂಗಿ, ಬರಿಗಾಲು. ನೇರ ಚಪ್ಪರಕ್ಕೆ ಹೋಗಿ, ಎಜ್ರಾ ಬಿಗಿದಿದ್ದ ಹಗ್ಗವನ್ನು ಚಾಕುವಿನಿಂದ ಕೊಯ್ಯತೊಡಗಿದಳು.

ಇಪ್ಪತ್ತು ಜೊತೆ ಕಣ್ಣುಗಳು ಅಗಲವಾದವು. ಪಿಸುಗುಟ್ಟುವಿಕೆ ಒಮ್ಮೆಲೇ ವೇಗ ಹೆಚ್ಚಿಸಿಕೊಂಡಿತು.

"ಉಂ!" ಎಂದ ಹಿಜ್ಕಿಯಾ. ಹುಬ್ಬನ್ನು ನೆತ್ತಿಯವರೆಗೆ ಏರಿಸಿ, "ಉಂ! ಉಂ ಉಂ!" ಎಂದ. ಓಣಿಯಲ್ಲೇ ಅತಿ ನಿಧಾನದ ಪ್ರಾರ್ಥನೆ ತನ್ನದೆಂದು ಅವನಿಗೆ ಇಪ್ಪತ್ತು ವರ್ಷಗಳಿಂದ ಹೆಮ್ಮೆಯಿತ್ತು. ಈಗ ಎಲ್ಲರ ಮುಂದೆ ಅದನ್ನು ಓಡಿಸುವ ಹಾಗೂ ಇರಲಿಲ್ಲ.

ಬಾಗಿಲು ಕೈಗೆ ಬಂತು. ಪ್ಲೈವುಡ್ಡು. ನೂರಿಪ್ಪತ್ತು ವರ್ಷದ ಭಾರ ಅದರಲ್ಲಿ ಇರಲಿಲ್ಲ. ರುಹಾಮಾ ಅದನ್ನು ಬೆನ್ನ ಮೇಲೆ ಹೊತ್ತು, ಅಲ್ಲಾಡದೆ ನಿಂತ ಗಂಡಸರ ಸಾಲುಗಳ ನಡುವೆ, "ಸ್ವಲ್ಪ ಜರುಗಿ," ಎಂದಳು. ಯಾರೂ ಜರುಗುವ ಹಾಗಿರಲಿಲ್ಲ. ಅಡ್ಡ ತಿರುಗಿಸಿಕೊಂಡು ನುಸುಳಿದಳು. ಬಾಗಿಲಿನ ಮೂಲೆ ಇಬ್ಬರ ಟೋಪಿ ಕೆಡವಿತು.

ಒಳಗಿನಿಂದ ಫೊರ್ತುನಾ ಓಡಿಬಂದಳು. ಅವಳಿಗೆ ಮಾತಾಡಲು ಅಡ್ಡಿಯಿರಲಿಲ್ಲ. "ಎಲ್ಲಿಗೇ? ಸೂತಕದಲ್ಲಿ ಹೊಸ್ತಿಲು ದಾಟಬಾರದು ಕಣೆ! ಏ ಯಾರಾದರೂ ಹಿಡೀರಿ ಅವಳನ್ನ!"

"ಉಂ," ಎಂದಿತು ಅಂಗಳ ಒಕ್ಕೊರಲಿನಿಂದ.

ಹದಿನೈದು ಹೆಜ್ಜೆ. ಎದುರುಮನೆಯೊಳಗಿಂದ ಶಬ್ತಾಯ್‌ನ ದನಿ ಕೇಳುತ್ತಿತ್ತು. ಭಾಷಣದ ಹೆದರಿಕೆಗೆ ಹೊಟ್ಟೆ ಕೆಟ್ಟು, ದುಪ್ಪಟಿಯ ಹಿಂದೆ ಬಸ್ಸು ಎಂದಿಲ್ಲದ ವೇಗದಲ್ಲಿ ಓಡುತ್ತಿತ್ತು. "ಮಾರುಕಟ್ಟೆಬೇಕರಿಮೂಲೆಹಳೇರೈಲು..."

ಮತಿಲ್ದಾ ಬಾಗಿಲನ್ನೂ ಹೊತ್ತವಳನ್ನೂ ಕಂಡು ಕಾಫಿ ಪಾತ್ರೆ ಕೆಳಗಿಟ್ಟಳು. "ರೀ, ಎದ್ದು ಬನ್ರೀ! ನಿಮ್ಮ ಉರ್ಫಾ ಬಂತು!"

ಶಬ್ತಾಯ್ ಸೊಂಟಪಟ್ಟಿ ಬಿಗಿದುಕೊಳ್ಳುತ್ತ ಹೊರಬಂದ. ಗೋಡೆಯ ಗಡಿಯಾರ ಏಳು ಇಪ್ಪತ್ತೈದು ತೋರಿಸುತ್ತಿತ್ತು.

"ಕಾಫಿ ಆಗಿಲ್ಲ ತಾನೆ ಮಾಮ?"

ಅವನು ಇಲ್ಲವೆಂದು ತಲೆಯಾಡಿಸಿದ. ಇಬ್ಬರೂ ಸೇರಿ ಬಾಗಿಲನ್ನು ಎತ್ತಿ ಕೀಲಿನ ಮೇಲೆ ಇಳಿಸಿದರು. ಟಕ್ ಎಂದು ಕೂತಿತು.

ಅಷ್ಟರಲ್ಲಿ ಪ್ರಾರ್ಥನೆ ಮುಗಿಸಿದವರು ಮುಗಿಸಿದ ಕ್ರಮದಲ್ಲೇ ಓಡಿಬಂದರು. ಎಲ್ಲರಿಗಿಂತ ಕೊನೆಗೆ ಹಿಜ್ಕಿಯಾ. ಹಿಂದೆಯೇ ಫೊರ್ತುನಾ, ನೆರೆಯ ಹೆಂಗಸರು. ನಡುಮನೆ ತುಂಬಿತು. ಎಲ್ಲರೂ ನೋಡಿದರು: ಎತ್ತರ ಸರಿ, ಅಗಲ ಸರಿ, ಮೂವರು ಪಿತೃಗಳು ಕೆಳಗೆ, ಟವೆಲ್ಲಿನ ಕೊಕ್ಕೆ ಮೇಲೆ. ಮತಿಲ್ದಾ ಸುಮ್ಮನೆ ಟವೆಲ್ಲು ತಂದು ಕೊಕ್ಕೆಗೆ ಹಾಕಿದಳು.

"ನನ್ನ ತಮ್ಮನ ಕೊನೆಯ ಚಪ್ಪರ!" ಫೊರ್ತುನಾ ಎದೆ ಬಡಿದುಕೊಂಡಳು. "ಕಕ್ಕಸಿನ ಬಾಗಿಲು! ಯಜಮಾನರೇ, ಅದು ಚಪ್ಪರ ಅನ್ನಿಸಿಕೊಳ್ಳುತ್ತಾ? ಅವನು ಹಬ್ಬ ಮಾಡಿದ ಹಾಗಾಯ್ತೋ ಇಲ್ಲವೋ? ಹೇಳಿ!"

ಎಲ್ಲರೂ ಹಿಜ್ಕಿಯಾನನ್ನು ನೋಡಿದರು. ರುಹಾಮಾ ಕೂಡ. ಅವನು ಗಡ್ಡ ಹಿಡಿದು, ಬಾಗಿಲನ್ನು ಮತ್ತೊಮ್ಮೆ ಕುಟ್ಟಿ ನೋಡಿದ.

"ಗಾಳಿಗೆ ಅಲ್ಲಾಡಿತಾ?" ಎಂದು ಕೊನೆಗೆ ಕೇಳಿದ.

"ಇಲ್ಲ," ಎಂದಳು ರುಹಾಮಾ.

"ಗೋಡೆ ಮುಂಚೆ ಎಲ್ಲಿತ್ತು ಅಂತ ಶಾಸ್ತ್ರ ಕೇಳೋದಿಲ್ಲ. ನಿಂತಿತ್ತಾ ಅಂತ ಮಾತ್ರ ಕೇಳುತ್ತೆ. ಎಜ್ರಾನ ಚಪ್ಪರ ಚಪ್ಪರವೇ. ಅವನ ಹಬ್ಬ ಹಬ್ಬವೇ." ಇಷ್ಟು ಗಂಭೀರವಾಗಿ ಹೇಳಿದವನಿಗೆ ತಕ್ಷಣ ಇನ್ನೇನೋ ನೆನಪಾಯಿತು. ಫಲಕವನ್ನು ಪಕ್ಕದವನ ಕೈಗೆ ತುರುಕಿ, ಪ್ರಾರ್ಥನೆಯ ಶಾಲಿನ ತುದಿಯಿಂದ ತುಟಿಯನ್ನು ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಯಾರೂ ನಗಲಿಲ್ಲ.

"ಸರಿ, ಆಯಿತಲ್ಲ. ಮನೆಗೆ ನಡಿ," ಎಂದು ಫೊರ್ತುನಾ ರುಹಾಮಾಳ ತೋಳು ಹಿಡಿದಳು. "ಜನ ಬರ್ತಾರೆ. ನಿನ್ನ ಮಣೆ ಖಾಲಿ ಇದೆ."

ರುಹಾಮಾ ಮೆಲ್ಲನೆ ತೋಳು ಬಿಡಿಸಿಕೊಂಡಳು. "ಮಾಮ, ಚಿಲಕ ಸರಿಯಾಗಿ ಬೀಳುತ್ತಾ ನೋಡಬೇಕು," ಎಂದಳು. "ನಾನೊಮ್ಮೆ ಒಳಗೆ ಹೋಗಿ ಬರಲಾ?"

"ಹೋಗು ಮಗಳೇ."

ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಮೂರು ತೂತುಗಳ ಮೂಲಕ, ಇಷ್ಟು ದಿನ ತಡೆದಿಟ್ಟಿದ್ದ ಇನ್ನೊಂದು ಸದ್ದು ಸಣ್ಣಗೆ ಹೊರಬರತೊಡಗಿತು.

ಫೊರ್ತುನಾ ಮುಂದೆ ಬಂದು ಬಾಗಿಲು ತಟ್ಟಲು ಕೈಯೆತ್ತಿದಳು. ಹೆಂಗಸರು ಕಿವಿ ಮುಂದೆ ಚಾಚಿದರು. ಶಬ್ತಾಯ್ ಅವರ ನಡುವೆ ನುಗ್ಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹತ್ತು ನಿಮಿಷದ ಭಾಷಣಕ್ಕೆಂದು ಕೂಡಿಟ್ಟಿದ್ದ ಉಸಿರನ್ನೆಲ್ಲ ಎದೆಗೆ ತುಂಬಿಕೊಂಡ.

"ಮಾರುಕಟ್ಟೇ!" ಎಂದು ಕೂಗಿದ, ಕಿಟಕಿಯ ಗಾಜು ನಡುಗುವಂತೆ. "ಬೇಕರಿ ಮೂಲೇ! ಹಳೇ ರೈಲು ನಿಲ್ದಾಣಾ!"

"ಏನಾಯ್ತು ಈ ಮುದುಕನಿಗೆ?" ಎಂದಳು ಫೊರ್ತುನಾ.

"ಹೆಣ್ಣುಮಕ್ಕಳ ಶಾಲೇ! ದೊಡ್ಡ ಆಸ್ಪತ್ರೇ! ಮರದ ಮಿಲ್ಲೂ!"

ಇನ್ನು ಉಳಿದದ್ದು ಗುಡ್ಡದ ಮೇಲಿನ ಆ ಒಂದೇ ನಿಲ್ದಾಣ. ಚಿಲಕ ತೆರೆಯಲಿಲ್ಲ. ಶಬ್ತಾಯ್ ಆ ಹೆಸರನ್ನು ಕೂಗಲು ತೆರೆದ ಬಾಯನ್ನು ಮುಚ್ಚಿಕೊಂಡ. ಆಮೇಲೆ ಬಸ್ಸನ್ನು ಅಲ್ಲೇ ತಿರುಗಿಸಿ, ಮೊದಲಿಗಿಂತ ಗಟ್ಟಿಯಾಗಿ, ಬಂದ ದಾರಿಯಲ್ಲೇ ಹೊರಟ.

"ಮರದ ಮಿಲ್ಲೂ! ದೊಡ್ಡ ಆಸ್ಪತ್ರೇ! ಹೆಣ್ಣುಮಕ್ಕಳ ಶಾಲೇ!"